ಚಿಂದಿಯ ಗಂಟು, ಚಿತ್ತದ ನೆಮ್ಮದಿ

ಶ್ರಾವಣ ಮಾಸದ ಹುಣ್ಣಿಮೆಯನ್ನು ನಮ್ಮ ನಾಡಿನ ಜನರು ನೂಲ ಹುಣ್ಣಿಮೆಯೆಂದು ಕರೆಯುತ್ತ ಬಂದಿದ್ದಾರೆ. ಕಾಯಕಯೋಗಿ ನುಲಿಯ ಚಂದಯ್ಯನವರ ಜಯಂತಿಯೂ ಅದೇ ದಿನ. ನೀರಿನ ದಂಡೆಯಲ್ಲಿ ತಾನಾಗಿ ಬೆಳೆದ ಹುಲ್ಲನ್ನು ಕೊಯ್ದು ತಂದು, ಹೊಸೆದು ಹಗ್ಗ ಮಾಡಿ, ಮಾರಿ ಬಂದ ಹಣದಿಂದ ಜಂಗಮ ದಾಸೋಹವನ್ನು ನಡೆಸಿದ ಶರಣರು ಅವರು. ಯಾರ ಕಣ್ಣಿಗೂ ಬೆಲೆಯಿಲ್ಲದೆ ಬಿದ್ದಿದ್ದ ಹುಲ್ಲು ಅವರ ಅಂಗೈಯಲ್ಲಿ ಹಗ್ಗವಾಯಿತು, ಹಗ್ಗವು ಅನ್ನವಾಯಿತು, ಅನ್ನವು ಪ್ರಸಾದವಾಯಿತು.

ಈ ಮಾತನ್ನು ಆರೋಗ್ಯ ವಿಭಾಗದಲ್ಲಿ ಏಕೆ ಎತ್ತಿದೆವೆಂದು ಸದ್ಭಕ್ತರು ಕೇಳಬಹುದು. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಇಂದಿಗೂ ಒಂದು ಗಂಟು ಇರುತ್ತದೆ. ಅಟ್ಟದ ಮೇಲೋ, ಹಳೆಯ ಟ್ರಂಕಿನೊಳಗೋ, ಹೊರಸಿನ ಕೆಳಗೋ ಅದರ ಇರವು. ಸವೆದ ಇಳಕಲ್ಲ ಸೀರೆಯ ದಡಿ, ಖಣದ ತುಣುಕು, ಧೋತರದ ಅರ್ಧ ಭಾಗ, ದರ್ಜಿಯ ಅಂಗಡಿಯಿಂದ ತಂದ ಕತ್ತರಿಕೆಗಳು, ಮಗ್ಗದಲ್ಲಿ ಉಳಿದ ನೂಲಿನ ಉಂಡೆ, ಉಣ್ಣೆಯ ಲಡಿ, ಕಿತ್ತಿಟ್ಟ ಗುಂಡಿಗಳು, ಮಣಿಗಳು, ಜರಿಯ ಎಳೆ. ಮನೆಯ ಕಿರಿಯರಿಗೆ ಅದು ಕಸ. ಅದನ್ನು ಕೂಡಿಟ್ಟ ತಾಯಿಗೆ ಅದು ಭಂಡಾರ. ಈ ಭಂಡಾರಕ್ಕೂ ದೇಹ ಮನಸ್ಸುಗಳ ಆರೋಗ್ಯಕ್ಕೂ ಇರುವ ನಂಟನ್ನು, ಆ ನಂಟು ಎಲ್ಲಿ ಹಿತಕರ, ಎಲ್ಲಿ ಅಹಿತಕರ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನೂಲಿನ ನಾಡು

ನಮ್ಮ ಸೀಮೆ ನೂಲಿನ ಸೀಮೆ. ರಬಕವಿ, ಬನಹಟ್ಟಿ, ರಾಮಪುರ, ತೇರದಾಳ, ಮಹಾಲಿಂಗಪುರಗಳ ಓಣಿಗಳಲ್ಲಿ ಮಗ್ಗದ ಸದ್ದು ಕೇಳದ ಕಾಲವಿರಲಿಲ್ಲ. ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣ ಎರಡೂ ನಮ್ಮ ಬಾಗಲಕೋಟೆ ಜಿಲ್ಲೆಯ ಕೈಗಳಿಂದಲೇ ಹೊರಬಂದವು. ಇದೇ ಜಿಲ್ಲೆಯ ತುಳಸಿಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಬಟ್ಟೆಯನ್ನು ನೇಯುತ್ತಾರೆ. ಹತ್ತಿಯ ನೂಲು ಇಲ್ಲಿ ಸರಕು ಮಾತ್ರವಲ್ಲ, ಬದುಕಿನ ಭಾಷೆಯೂ ಹೌದು. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳು ಮಗ್ಗ ಮುಟ್ಟದವರ ಬಾಯಲ್ಲೂ ಇವೆ.

ನೇಕಾರನು ಒಂದು ಹಾಸು ಮುಗಿಯುತ್ತಲೇ ಅದರ ತುದಿಯನ್ನು ಕತ್ತರಿಸಿ ಎಸೆಯುವುದಿಲ್ಲ. ಹಳೆಯ ಹಾಸಿನ ಎಳೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಿ ಹೊಸೆದು ಮುಂದಿನ ನೇಯ್ಗೆಯನ್ನು ಆರಂಭಿಸುತ್ತಾನೆ. ಹಳೆಯದರ ತುದಿಯಲ್ಲಿ ಹೊಸದರ ಮೊದಲು. ಈ ಒಂದು ಕ್ರಮದಲ್ಲಿಯೇ ನಮ್ಮ ಹಿರಿಯರ ಮಿತವ್ಯಯದ ದರ್ಶನವಿದೆ. ಉಳಿದ ನೂಲು ಮನೆಗೆ ಬರುತ್ತದೆ. ಅದು ಕೌದಿ ಹೊಲಿಯುವ ದಾರವಾಗಬಹುದು, ಮಗುವಿನ ಕುಲಾಯಿಯ ಗೊಂಡೆಯಾಗಬಹುದು, ನೂಲನ್ನು ಹುರಿಗೊಳಿಸಬಲ್ಲ ತಾಯಂದಿರ ಕೈಯಲ್ಲಿ ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸುವ ಶಿವದಾರವೂ ಆಗಬಹುದು.

ಶರಣ ಪರಂಪರೆಯಲ್ಲಿ ನೂಲಿಗೆ ಇರುವ ಸ್ಥಾನ ಸಣ್ಣದಲ್ಲ. ಜೇಡರ ದಾಸಿಮಯ್ಯನವರು ಮಗ್ಗದ ಮುಂದೆ ಕುಳಿತು ಶಿವನನ್ನು ಕಂಡವರು. ಕದಿರ ರೆಮ್ಮವ್ವೆ ನೂಲುವ ಕದಿರನ್ನೇ ಅನುಭಾವದ ಸಾಧನವಾಗಿಸಿಕೊಂಡ ಶರಣೆ. ಕೈಯ ಕೆಲಸ ಮತ್ತು ಮನದ ನೆಲೆ ಬೇರೆ ಬೇರೆಯಲ್ಲವೆಂಬುದು ಅವರ ನಡೆಯ ಸಾರ. ಇಂದಿನ ವೈದ್ಯಶಾಸ್ತ್ರವೂ ತನ್ನ ದಾರಿಯಲ್ಲಿ ನಡೆದು ಅದರ ಸಮೀಪಕ್ಕೆ ಬಂದಿದೆ.

ಕೂಡಿಡುವ ಕೈಗೆ ಸಿಗುವ ಸುಖ

ಕೂಡಿಡುವುದರಲ್ಲಿ ಮೂರು ಬಗೆಯ ಸಂತೋಷಗಳಿವೆ.

ಮೊದಲನೆಯದು ಹುಡುಕಾಟದ ಸಂತೋಷ. ಸಂತೆಯ ದಿನ ದರ್ಜಿಯ ಅಂಗಡಿಯ ಮುಂದೆ ಬಿದ್ದ ಚಿಂದಿಯ ರಾಶಿಯಲ್ಲಿ ಒಂದು ನವಿಲುಗರಿ ಬಣ್ಣದ ತುಂಡು ಕಂಡಾಗ ಮನಸ್ಸು ಅರಳುತ್ತದೆ. ನಮ್ಮ ಮೆದುಳಿನಲ್ಲಿ ಡೋಪಮಿನ್ ಎಂಬ ರಸಾಯನವಿದೆ. ವಸ್ತು ಕೈಗೆ ಸಿಕ್ಕಾಗ ಮಾತ್ರವಲ್ಲ, ಸಿಗಬಹುದೆಂಬ ನಿರೀಕ್ಷೆಯಲ್ಲಿಯೂ ಅದು ಸ್ರವಿಸುತ್ತದೆ. ನಿರೀಕ್ಷೆಯೇ ಉತ್ಸಾಹದ ಮೂಲ. ವಯಸ್ಸಾದವರಿಗೆ, ಒಂಟಿಯಾಗಿ ಉಳಿದವರಿಗೆ, ನಾಳೆ ಮಾಡಲು ಏನೋ ಒಂದಿದೆ ಎಂಬ ಭಾವವೇ ದೊಡ್ಡ ಬಲ. ಗಂಟಿನೊಳಗಿನ ತುಣುಕು ಇನ್ನೂ ಹೊಲಿಯದ ಕೌದಿಯ ಆಶ್ವಾಸನೆ.

ಎರಡನೆಯದು ಹೊಂದಿಸುವ ಸಂತೋಷ. ಬಣ್ಣಕ್ಕೆ ಬಣ್ಣ, ಅಳತೆಗೆ ಅಳತೆ ಕೂಡಿಸುತ್ತ, ದಡಿಯನ್ನು ಅಂಚಿಗಿಟ್ಟು, ಖಣವನ್ನು ನಡುವಿಗಿಟ್ಟು ನೋಡುವಾಗ ಕಣ್ಣು, ನೆನಪು, ಲೆಕ್ಕ ಮೂರೂ ಕೆಲಸ ಮಾಡುತ್ತವೆ. ಕಸೂತಿಯನ್ನು ನೋಡಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ತೇರು, ಗೋಪುರ, ಆನೆ, ನವಿಲುಗಳನ್ನು ಮೂಡಿಸುವ ತಾಯಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ತೇರು ಸೊಟ್ಟ. ಗವಂತಿಯಲ್ಲಂತೂ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ ಮೂಡಬೇಕು. ಬುದ್ಧಿಗೆ ಇದಕ್ಕಿಂತ ಹಿತವಾದ ವ್ಯಾಯಾಮ ವಿರಳ.

ಮೂರನೆಯದು ಲಯದ ಸಂತೋಷ. ಕೌದಿಯ ಹೊಲಿಗೆ ಒಂದೇ ಬಗೆಯದು. ಸೂಜಿ ಕೆಳಗಿಳಿಯುತ್ತದೆ, ಮೇಲೇಳುತ್ತದೆ. ಅಂಚಿನಿಂದ ಹೊರಟ ಸಾಲು ಸುತ್ತುತ್ತ ಸುತ್ತುತ್ತ ನಡುವಿಗೆ ಸೇರುತ್ತದೆ. ಒಂದೇ ಚಲನೆ ಮರುಕಳಿಸಿದಾಗ ಉಸಿರು ನಿಧಾನವಾಗುತ್ತದೆ, ಭುಜಗಳ ಬಿಗಿ ಸಡಿಲುತ್ತದೆ, ಹರಿದಾಡುವ ಮನಸ್ಸು ಒಂದೆಡೆ ನಿಲ್ಲುತ್ತದೆ. ಜಪದಲ್ಲಿ ತೊಡಗಿದವರಿಗೆ ಈ ಅನುಭವ ಹೊಸದಲ್ಲ.

ಇದು ಕೇವಲ ಭಾವುಕತೆಯ ಮಾತಲ್ಲ. 2013ರಲ್ಲಿ ಬ್ರಿಟನ್ನಿನ ಒಂದು ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಜಗತ್ತಿನ ನಾನಾ ದೇಶಗಳ 3,545 ಹೆಣಿಗೆಗಾರರು ಉತ್ತರಿಸಿದ್ದರು. ಹೆಚ್ಚು ಸಲ ಹೆಣೆಯುವವರು ಹೆಣಿಗೆಯ ನಂತರ ಹೆಚ್ಚು ಶಾಂತಿಯನ್ನೂ ಸಂತೋಷವನ್ನೂ ಅನುಭವಿಸುವುದಾಗಿ ಹೇಳಿದರು. ಇದು ಹೆಣೆಯುವವರೇ ತಮ್ಮ ಬಗ್ಗೆ ಹೇಳಿಕೊಂಡದ್ದು, ಆದ್ದರಿಂದ ಹೆಣಿಗೆಯೇ ರೋಗಕ್ಕೆ ಔಷಧಿಯೆಂದು ಸಾರುವಂತಿಲ್ಲ. ಆದರೂ ಇಷ್ಟೊಂದು ಜನರ ಅನುಭವ ಒಂದೇ ದಿಕ್ಕನ್ನು ತೋರುತ್ತದೆ. ಅದಕ್ಕೂ ಬಹಳ ಮೊದಲು, 1917ರಲ್ಲಿ, ಅಮೆರಿಕದಲ್ಲಿ ಕೆಲಸವನ್ನೇ ಚಿಕಿತ್ಸೆಯಾಗಿ ಬಳಸುವ ವೈದ್ಯಕೀಯ ಶಾಖೆಯ ಸಂಘವೊಂದು ಸ್ಥಾಪನೆಯಾಯಿತು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ಮನಸ್ಸು ನೊಂದು ಮರಳಿದ ಸೈನಿಕರಿಗೆ ನೇಯ್ಗೆ, ಬುಟ್ಟಿ ಹೆಣೆಯುವಿಕೆಗಳನ್ನು ಕಲಿಸಿ ಅವರ ಕೈಗೂ ಮನಸ್ಸಿಗೂ ಚೈತನ್ಯ ತುಂಬಿದರು. ಅದನ್ನು ಅವರು ಚಿಕಿತ್ಸೆಯೆಂದರು. ನಮ್ಮ ಶರಣರು ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ಕೈಯ ಕೆಲಸವನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಪದವಿಯನ್ನೇ ಕೊಟ್ಟಿದ್ದರು.

ನೆನಪಿನ ತುಣುಕುಗಳು

ಕೌದಿಯೆಂದರೆ ಹೊದಿಕೆ ಮಾತ್ರವಲ್ಲ, ಅದು ಮನೆತನದ ಚರಿತ್ರೆಯ ಪುಟ. ಇದು ಅವ್ವನ ಸೀರೆ, ಇದು ಕಾಕಾನ ಅಂಗಿ, ಇದು ಸೀಮಂತದಲ್ಲಿ ಉಡಿಗೆ ಬಂದ ಖಣ ಎಂದು ಬೆರಳಿಟ್ಟು ತೋರಿಸಬಹುದು. ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು 1963ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ವೃದ್ಧಾಪ್ಯದಲ್ಲಿ ಹಿಂದಿನದನ್ನು ನೆನೆಯುವುದು ಅರಳುಮರಳಿನ ಲಕ್ಷಣವಲ್ಲ, ಬದುಕಿನ ಲೆಕ್ಕವನ್ನು ಸಮಾಧಾನದಿಂದ ಮುಗಿಸಿಕೊಳ್ಳುವ ಸಹಜ ಪ್ರಕ್ರಿಯೆ. ಇಂದು ಮರೆವಿನ ಕಾಯಿಲೆಯುಳ್ಳ ಹಿರಿಯರ ಆರೈಕೆಯಲ್ಲಿ ಹಳೆಯ ವಸ್ತುಗಳನ್ನು, ಬಗೆಬಗೆಯ ಸ್ಪರ್ಶದ ಬಟ್ಟೆಯ ತುಂಡುಗಳನ್ನು ಕೈಗೆ ಕೊಡುವ ಕ್ರಮವಿದೆ. ಮಾತು ಮರೆತವರ ಬೆರಳು ಕೂಡ ಹಳೆಯ ದಡಿಯ ನೇಯ್ಗೆಯನ್ನು ಸವರುತ್ತ ಶಾಂತವಾಗುವುದುಂಟು.

ಆದ್ದರಿಂದ ಒಂದು ಮಾತನ್ನು ಮನೆಯ ಕಿರಿಯರಿಗೆ ಒತ್ತಿ ಹೇಳಬಯಸುತ್ತೇವೆ. ಹೊಸ ಮನೆ ಕಟ್ಟಿದಾಗ, ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗ, "ಯವ್ವಾ, ಈ ಹಳೇ ಅರಬಿ ಗಂಟು ಇನ್ನ ಯಾಕ ಬೇಕು ನಿನಗ?" ಎಂದು ಕೇಳುವುದು ಸುಲಭ. ಕೇಳದೆಯೇ ಎಸೆದುಬಿಡುವುದು ಇನ್ನೂ ಸುಲಭ. ಆದರೆ ಆ ಗಂಟು ಹೋದ ದಿನದಿಂದ ಊಟ ಕಡಿಮೆ ಮಾಡಿದ, ಮಾತು ಕಡಿಮೆ ಮಾಡಿದ ತಾಯಂದಿರು ಇದ್ದಾರೆ. ಆಕೆ ಕಳೆದುಕೊಂಡದ್ದು ಬಟ್ಟೆಯನ್ನಲ್ಲ, ತನ್ನ ಮನೆಯಲ್ಲಿ ತನ್ನದೆಂಬ ಒಂದೇ ಮೂಲೆಯನ್ನು. ಗಂಟನ್ನು ಬಿಚ್ಚಿಸಿ, ಪಕ್ಕದಲ್ಲಿ ಕುಳಿತು, ಒಂದೊಂದು ತುಣುಕಿನ ಕತೆ ಕೇಳಿ. ಯಾವುದನ್ನು ಇಡಬೇಕು, ಯಾವುದನ್ನು ಕೊಡಬೇಕು ಎಂಬುದನ್ನು ಆಕೆಯೇ ಹೇಳಲಿ. ಒಂದು ಮಧ್ಯಾಹ್ನದ ಈ ಮಾತುಕತೆ ಅನೇಕ ಗುಳಿಗೆಗಳಿಗಿಂತ ಹಿತಕರ.

ಬೀಳಗಿ ತಾಲ್ಲೂಕಿನವರಿಗೆ ಈ ಮಾತಿನ ಆಳ ಬೇಗ ತಿಳಿಯುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಊರುಗಳು ಮುಳುಗಿದಾಗ ಜನರು ಹಳೆಯ ಮನೆಯ ಬಾಗಿಲು, ಚೌಕಟ್ಟು, ಕಂಬ, ತೊಲೆಗಳನ್ನು ಬಿಚ್ಚಿಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದರು. ಹೊಸ ಗೋಡೆಗೆ ಹಳೆಯ ಬಾಗಿಲನ್ನು ಕೂಡಿಸಿದರು. ಊರು ಉಳಿಯಲಿಲ್ಲ, ಹೊಸ್ತಿಲು ಉಳಿಯಿತು. ಉಳಿಸಿಕೊಂಡ ವಸ್ತು ಮನುಷ್ಯನನ್ನು ಎಷ್ಟು ಮಟ್ಟಿಗೆ ಹಿಡಿದು ನಿಲ್ಲಿಸಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮನೆಯೊಳಗೆ ತರುವ ಮುನ್ನ

ಸಂತೋಷದ ಜೊತೆಗೆ ಎಚ್ಚರವೂ ಇರಬೇಕು. ಬೇರೆಯವರು ಬಳಸಿಬಿಟ್ಟ ಬಟ್ಟೆಯಲ್ಲಿ ತುರಿಕಜ್ಜಿಯ ಹುಳು, ತಿಗಣೆ, ಧೂಳಿನ ನುಸಿ ಇರಬಹುದು. ತುರಿಕಜ್ಜಿಯ ಹುಳು ಮನುಷ್ಯನ ಚರ್ಮದಿಂದ ಹೊರಗೆ ಸಾಮಾನ್ಯವಾಗಿ ಎರಡು ಮೂರು ದಿನಗಳಿಗಿಂತ ಹೆಚ್ಚು ಬದುಕುವುದಿಲ್ಲ. ಆದ್ದರಿಂದ ತಂದ ಚಿಂದಿಯನ್ನು ಒಂದು ವಾರ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹೊರಗಿಡುವುದು, ನಂತರ ಬಿಸಿನೀರಿನಲ್ಲಿ ಒಗೆದು ಕಡು ಬಿಸಿಲಿನಲ್ಲಿ ಒಣಗಿಸುವುದು ಸುರಕ್ಷಿತ ಕ್ರಮ. ನಮ್ಮ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಮತ್ತು ಕೃಷ್ಣೆ ಉಕ್ಕಿ ಹರಿದುದನ್ನು ಯಾರೂ ಮರೆತಿಲ್ಲ. ಪ್ರವಾಹದ ನೀರಿನಲ್ಲಿ ನೆನೆದ ಬಟ್ಟೆ, ಹಾಸಿಗೆಗಳಲ್ಲಿ ಚರಂಡಿಯ ಕೊಳೆ ಸೇರಿರುತ್ತದೆ, ಬೂಷ್ಟು ಬೆಳೆಯುತ್ತದೆ. ತೆಳುವಾದ ಹತ್ತಿ ಬಟ್ಟೆಯನ್ನು ಸೋಪು ಹಾಕಿ ಬಿಸಿನೀರಿನಲ್ಲಿ ಒಗೆದು ಪೂರ್ತಿ ಒಣಗಿಸಿ ಉಳಿಸಿಕೊಳ್ಳಬಹುದು. ಒಳಗಿನವರೆಗೂ ನೆನೆದು ಬೂಷ್ಟು ಹಿಡಿದ ಗಾದಿಯನ್ನು ಬಿಡುವುದೇ ಲೇಸು. ಬೂಷ್ಟಿನ ಕಣಗಳು ದಮ್ಮಿನ ರೋಗಿಗಳ ಉಸಿರನ್ನು ಕಟ್ಟಿಸುತ್ತವೆ.

ಮಗ್ಗದ ಚೂರು ನೂಲನ್ನು, ಹಳೆಯ ಅರಳೆಯನ್ನು ಕೊಡವುವಾಗ ಬಾಯಿ ಮೂಗುಗಳಿಗೆ ಬಟ್ಟೆ ಕಟ್ಟಿಕೊಂಡು ಬಯಲಿನಲ್ಲಿ ಕೊಡವಬೇಕು. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿದಂತಾಗುವುದು ಅದರ ವಿಶಿಷ್ಟ ಲಕ್ಷಣ. ಹತ್ತಿ ಮತ್ತು ನೂಲಿನ ಕಾರ್ಖಾನೆಗಳಲ್ಲಿ ದುಡಿಯುವ ಬಂಧುಗಳಿಗೆ ಈ ಲಕ್ಷಣ ಕಂಡರೆ ಬೀಡಿ ಸೇದಿದ ಕೆಮ್ಮೆಂದು ಅಲಕ್ಷಿಸದೆ ವೈದ್ಯರನ್ನು ಕಾಣಬೇಕು.

ಬಟ್ಟೆಗೆ ನುಸಿ ಬಾರದಿರಲೆಂದು ಟ್ರಂಕಿನಲ್ಲಿ ಡಾಂಬರ ಗುಳಿಗೆ ಹಾಕುವ ವಾಡಿಕೆಯಿದೆ. ಬಾಣಂತಿ ಕೋಣೆಗೆ ಹೋಗುವ ಕೌದಿ, ಕುಂಚಿಗೆ, ಕುಲಾಯಿಗಳ ಹತ್ತಿರ ಅದು ಸುಳಿಯಬಾರದು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಹಸುಗೂಸಿಗೆ ಈ ಗುಳಿಗೆಯ ನ್ಯಾಫ್ತಲೀನ್ ತಾಗಿದರೆ ರಕ್ತದ ಕೆಂಪು ಕಣಗಳು ಒಡೆದು ತೀವ್ರವಾದ ಕಾಮಾಲೆ ಬರಬಹುದು. ಯಾವ ಮಗುವಿಗೆ ಆ ಕೊರತೆಯಿದೆಯೆಂದು ನೋಡಿ ಹೇಳಲಾಗದು. ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿಡುವ ಅಜ್ಜಿಯ ಕ್ರಮವೇ ಇಲ್ಲಿ ಮೇಲು. ಆಗಾಗ ಬಿಸಿಲಿಗೆ ಹಾಕುವುದಂತೂ ಎಲ್ಲಕ್ಕಿಂತ ಮೇಲು. ಇನ್ನೊಂದು ಮಾತು: ಒಂದು ವರ್ಷದೊಳಗಿನ ಮಗುವನ್ನು ಭಾರವಾದ ಕೌದಿ ಹೊದಿಸಿ ಒಂಟಿಯಾಗಿ ಮಲಗಿಸಬಾರದು. ಮುಖದ ಮೇಲೆ ಬಿದ್ದರೆ ಸರಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ.

ಕಬ್ಬಿನ ನಾಡಿನವರಾದ ನಾವು ಹೊಲದಿಂದ ಬಂದ ಚೀಲ ಡಬ್ಬಿಗಳನ್ನೂ ಕೂಡಿಡುತ್ತೇವೆ. ಕೀಟನಾಶಕ ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ಮನೆಯ ಬಳಕೆಗೆ ತರಬಾರದು. ಮಣಿ, ಗುಂಡಿ, ದಾರ ತುಂಬಿಡುವುದಕ್ಕೂ ಬೇಡ. ಹಾಗೆಯೇ ಹಳೆಯ ಬಾಗಿಲು, ತೊಟ್ಟಿಲುಗಳಿಗೆ ಬಳಿದ ಬಣ್ಣದಲ್ಲಿ ಸೀಸ ಇರಬಹುದು. ಮನೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿ ಕೆರೆಯುವಾಗ ಏಳುವ ಪುಡಿ ಮಕ್ಕಳ ಬುದ್ಧಿಯ ಬೆಳವಣಿಗೆಗೆ ಮಾರಕ. ನೀರಿನಿಂದ ತೋಯಿಸಿ, ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಿ ಕೆಲಸ ಮಾಡಬೇಕು.

ಕಣ್ಣು, ಬೆರಳು, ಬೆನ್ನು

ನಲವತ್ತು ದಾಟಿದವರಿಗೆ ಹತ್ತಿರದ ದೃಷ್ಟಿ ಕುಂದುವುದು ಸಹಜ. ಸೂಜಿಗೆ ದಾರ ಪೋಣಿಸಲು ಮೊಮ್ಮಕ್ಕಳನ್ನು ಕರೆಯುವ ಸಂಭ್ರಮ ಇರಲಿ, ಆದರೆ ಕನ್ನಡಕದ ಪರೀಕ್ಷೆಯನ್ನು ಮುಂದೂಡಬೇಡಿ. ಕನ್ನಡಕ ಹಾಕಿದರೂ ಮಬ್ಬು ಹೋಗದಿದ್ದರೆ ಕಣ್ಣಿನ ಪೊರೆ ಇರಬಹುದು. ಬಾಗಿಲ ಬೆಳಕಿನಲ್ಲಿ, ಹಗಲು ಹೊತ್ತಿನಲ್ಲಿ ಹೊಲಿಯಿರಿ. ಪ್ರತಿ ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಅಂಗಳದ ಆಚೆಯ ಮರವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿ.

ನೆಲದ ಮೇಲೆ ಕೌದಿ ಹರಡಿ ಗಂಟೆಗಟ್ಟಲೆ ಬಾಗಿ ಕುಳಿತರೆ ಸೊಂಟ ಮೊಣಕಾಲುಗಳು ಹಿಡಿದುಕೊಳ್ಳುತ್ತವೆ. ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟು, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಸಂಧಿವಾತವುಳ್ಳವರ ಬೆರಳುಗಳಿಗೆ ಮೃದುವಾದ ಚಲನೆ ಒಳ್ಳೆಯದು. ಬಾವು, ಬಿಸಿ, ನೋವು ಇದ್ದ ದಿನ ಸೂಜಿಯನ್ನು ಬದಿಗಿಟ್ಟು ಬಣ್ಣ ಹೊಂದಿಸುವ ಕೆಲಸವನ್ನಷ್ಟೇ ಮಾಡಬೇಕು.

ಸಕ್ಕರೆ ಕಾಯಿಲೆಯವರಿಗೆ ವಿಶೇಷ ಎಚ್ಚರಿಕೆ. ಅಂಗಾಲಿನ ಸ್ಪರ್ಶಜ್ಞಾನ ಕುಂದಿದವರು ನೆಲಕ್ಕೆ ಬಿದ್ದ ಸೂಜಿಯನ್ನು ತುಳಿದರೂ ತಿಳಿಯದು. ತಿಳಿಯದ ಗಾಯವೇ ಮುಂದೆ ಕಾಲನ್ನು ಕಳೆಯುವ ಹುಣ್ಣಾಗುತ್ತದೆ. ಎಷ್ಟು ಸೂಜಿ ತೆಗೆದಿರೋ ಅಷ್ಟನ್ನೇ ಎಣಿಸಿ ಡಬ್ಬಿಯಲ್ಲಿಡಿ. ಹೊಲಿಗೆಯ ಕೋಣೆಯಲ್ಲಿಯೂ ಚಪ್ಪಲಿ ಧರಿಸಿ, ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳಿ. ತುಕ್ಕು ಹಿಡಿದ ಮೊಳೆ, ಸೂಜಿ ಚುಚ್ಚಿದರೆ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಎಲ್ಲಿ ನಿಲ್ಲಬೇಕು

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಕೂಡಿಡುವ ಸುಖ ಯಾವಾಗ ದುಃಖವಾಗುತ್ತದೆ?

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನಮ್ಮ ಸದ್ಭಕ್ತರು ಬಲ್ಲರು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಚೆಲ್ಲಿದ್ದನ್ನು ಹೆಕ್ಕಿ ಪ್ರಸಾದವಾಗಿಸಿದ ಅವರಿಗಿಂತ ದೊಡ್ಡ ಸಂಗ್ರಾಹಕರು ಯಾರು? ಆದರೆ ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದದ್ದು ಆಸೆಯೇ ಹೊರತು ಕಾಯಕವಲ್ಲವೆಂದು ತಿಳಿಹೇಳಿ, ಹೆಚ್ಚಿನದನ್ನು ತಂದ ಜಾಗದಲ್ಲಿಯೇ ಬಿಟ್ಟುಬರಲು ಕಳುಹಿಸಿದರು. ಆಯ್ದುಕೊಳ್ಳುವುದು ತಪ್ಪಲ್ಲ. ಅಳತೆಯಿಲ್ಲದೆ ಆಯ್ದುಕೊಳ್ಳುವುದೇ ತಪ್ಪು. ಎರಡು ಅಕ್ಕಿಗೂ ಬಣ್ಣ ಒಂದೇ, ಅಂತರವಿರುವುದು ಆಯ್ದವನ ಮನಸ್ಸಿನಲ್ಲಿ.

ವೈದ್ಯಶಾಸ್ತ್ರವೂ ಈ ಅಂತರವನ್ನು ಗುರುತಿಸಿದೆ. ಏನನ್ನೂ ಬಿಡಲಾಗದ ಸಂಗ್ರಹಶೀಲತೆಯನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದು ಹೆಸರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಇತ್ತೀಚಿನ ರೋಗಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ಹವ್ಯಾಸಕ್ಕೂ ಕಾಯಿಲೆಗೂ ಇರುವ ಭೇದವನ್ನು ಹೀಗೆ ತಿಳಿಯಬಹುದು. ಹವ್ಯಾಸಿಯು ತನ್ನ ಗಂಟನ್ನು ಹರ್ಷದಿಂದ ಬಿಚ್ಚಿ ತೋರಿಸುತ್ತಾನೆ, ರೋಗಿಯು ನಾಚಿಕೆಯಿಂದ ಮುಚ್ಚಿಡುತ್ತಾನೆ. ಹವ್ಯಾಸಿಯು ಆರಿಸಿ ತರುತ್ತಾನೆ, ರೋಗಿಯು ಕಂಡದ್ದೆಲ್ಲವನ್ನೂ ತರುತ್ತಾನೆ. ಹವ್ಯಾಸಿಯ ಟ್ರಂಕಿಗೆ ಮುಚ್ಚಳವಿದೆ. ರೋಗಿಯ ಮನೆಯಲ್ಲಿ ಮಲಗಲು ಹೊರಸಿಲ್ಲ, ಅಡುಗೆಗೆ ಒಲೆಯ ಮುಂದೆ ಜಾಗವಿಲ್ಲ, ನಡೆಯಲು ದಾರಿಯಿಲ್ಲ. ಹರಿದ ಕಾಗದವನ್ನು ಬಿಡೆಂದರೂ ಆತನಿಗೆ ಪ್ರಾಣ ಹೋದಂತಹ ಸಂಕಟವಾಗುತ್ತದೆ. ಇಲಿ, ಚೇಳು, ಬೆಂಕಿಯ ಅಪಾಯಗಳು ಬೆನ್ನಟ್ಟಿ ಬರುತ್ತವೆ.

ಇದು ಸೋಮಾರಿತನವೂ ಅಲ್ಲ, ಜಿಪುಣತನವೂ ಅಲ್ಲ. ಬಡತನ, ಪ್ರವಾಹ, ಪ್ರಿಯರ ಅಗಲಿಕೆಗಳನ್ನು ಕಂಡವರಲ್ಲಿ, ಖಿನ್ನತೆ ಅಥವಾ ಮರೆವಿನ ಕಾಯಿಲೆ ಆರಂಭವಾದವರಲ್ಲಿ ಇದು ಕಾಣಿಸಿಕೊಳ್ಳಬಹುದು. ಅವರು ಇಲ್ಲದ ಹೊತ್ತಿನಲ್ಲಿ ಎಲ್ಲವನ್ನೂ ಎತ್ತಿ ಎಸೆದರೆ ರೋಗ ಗುಣವಾಗದು, ನಂಬಿಕೆ ಮುರಿಯುತ್ತದೆ. ಮೆಲ್ಲಗೆ ಮಾತನಾಡಿಸಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೋ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಗೋ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಔಷಧಿ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಜೋಳಿಗೆಯ ಪಾಠ

ಅಳತೆಯನ್ನು ಕಾಯ್ದುಕೊಳ್ಳುವ ದಾರಿ ಯಾವುದು? ಜಂಗಮರ ಜೋಳಿಗೆಯೇ ಅದನ್ನು ಕಲಿಸುತ್ತದೆ. ಜೋಳಿಗೆಗೆ ಬಾಯಿ ಅಗಲ, ಬೀಗವಿಲ್ಲ. ಒಂದು ಮನೆಯಲ್ಲಿ ತುಂಬಿದ್ದು ಇನ್ನೊಂದು ಹಸಿವಿನ ಮುಂದೆ ಬರಿದಾಗುತ್ತದೆ. ನಮ್ಮ ಜಿಲ್ಲೆಯ ಇಳಕಲ್ಲ ಚಿತ್ತರಗಿ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮೀಜಿಯವರು ಆ ಜೋಳಿಗೆಗೆ ಹೊಸ ಅರ್ಥವನ್ನೇ ಕೊಟ್ಟರು. ಊರೂರು ತಿರುಗಿ, ದವಸ ಧಾನ್ಯದ ಬದಲು ಜನರ ದುಶ್ಚಟಗಳನ್ನು ಮಹಾಂತ ಜೋಳಿಗೆಗೆ ಹಾಕಿಸಿಕೊಂಡರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಬಿಡುವುದೂ ಒಂದು ಸಂಗ್ರಹವೇ ಎಂಬುದನ್ನು ಅವರು ತೋರಿಸಿಕೊಟ್ಟರು.

ಈ ಬೆಳಕಿನಲ್ಲಿ ಕೆಲವು ಸರಳ ನಿಯಮಗಳನ್ನು ಸದ್ಭಕ್ತರ ಮುಂದಿಡುತ್ತೇವೆ. ಗಂಟಿಗೆ ಒಂದೇ ಟ್ರಂಕು ಇರಲಿ, ಮುಚ್ಚಳ ಮುಚ್ಚದಷ್ಟು ತುಂಬಿದರೆ ಮೊದಲು ಹೊಲಿಯಬೇಕು, ಆಮೇಲೆ ತರಬೇಕು. ಪ್ರತಿ ನೂಲ ಹುಣ್ಣಿಮೆಗೊಮ್ಮೆ ಎಲ್ಲವನ್ನೂ ಹೊರತೆಗೆದು ಬಿಸಿಲಿಗೆ ಹಾಕಿ ಎಣಿಸಿ. ಒಂದು ವರ್ಷ ಕೈ ಮುಟ್ಟದ ತುಣುಕನ್ನು ಹೊಲಿಯುವ ಇನ್ನೊಬ್ಬರಿಗೆ ಕೊಡಿ. ಒಬ್ಬರೇ ಕುಳಿತು ಹೊಲಿಯುವುದಕ್ಕಿಂತ ಓಣಿಯ ನಾಲ್ವರು ಕೂಡಿ ಹೊಲಿಯುವುದು ಮೇಲು. ಒಂದು ಕೌದಿಯ ನಾಲ್ಕು ಅಂಚಿಗೆ ನಾಲ್ವರು ಕುಳಿತರೆ ಮಾತು ಬರುತ್ತದೆ, ಹಾಡು ಬರುತ್ತದೆ, ಎದೆಯೊಳಗಿನ ಭಾರವೂ ಹೊರಬರುತ್ತದೆ. ಹತ್ತು ವರ್ಷದ ಮೊಮ್ಮಗಳಿಗೂ ಮೊಮ್ಮಗನಿಗೂ ಸೂಜಿ ಹಿಡಿಯಲು ಕಲಿಸಿ. ಮೊಬೈಲಿನ ಮೇಲೆ ಓಡುವ ಬೆರಳು ಎಳೆ ಎಣಿಸುವುದನ್ನು ಕಲಿತರೆ ಮನಸ್ಸು ನಿಲ್ಲುವುದನ್ನೂ ಕಲಿಯುತ್ತದೆ.

ಹೊಲಿದ ಕೌದಿಗಳಲ್ಲಿ ಒಂದನ್ನಾದರೂ ಮನೆಯ ಹೊರಗೆ ಕಳುಹಿಸಿ. ಮಠದ ಪ್ರಸಾದ ನಿಲಯದಲ್ಲಿ ಓದುವ ಮಗುವಿಗೆ, ಕಬ್ಬು ಕಡಿಯಲು ದೂರದಿಂದ ಬಂದು ಗುಡಿಸಲಿನಲ್ಲಿ ಮಲಗುವ ಕುಟುಂಬಕ್ಕೆ, ಊರಿನ ದಿಕ್ಕಿಲ್ಲದ ಹಿರಿಯರಿಗೆ ಮಾಘದ ಚಳಿಯಲ್ಲಿ ಅದು ತಲುಪಲಿ. ಪದರಗಳ ನಡುವೆ ನಿಂತ ಗಾಳಿಯೇ ಕೌದಿಯ ಬೆಚ್ಚನೆಯ ಗುಟ್ಟೆಂದು ವಿಜ್ಞಾನ ಹೇಳುತ್ತದೆ. ಹೊಲಿದವರ ಅಂತಃಕರಣವೂ ಆ ಪದರಗಳ ನಡುವೆ ಇರುತ್ತದೆಂದು ಹೊದ್ದವರು ಹೇಳುತ್ತಾರೆ. ಎರಡೂ ಮಾತು ನಿಜ. ಬೇಕಾದಷ್ಟನ್ನು ಆಯ್ದು, ಆಯ್ದದ್ದನ್ನು ಶುದ್ಧಗೊಳಿಸಿ, ಶುದ್ಧವಾದದ್ದನ್ನು ಹೊಲಿದು, ಹೊಲಿದದ್ದನ್ನು ಹಂಚುವ ಕೈಗಳಿಗೆ ಆರೋಗ್ಯವೂ ಆಯುಷ್ಯವೂ ಲಭಿಸಲೆಂದು ಹಾರೈಸುತ್ತೇವೆ.